ಪಾಲಿಮನೆಗೂ ಬೇಕು ಕಿಟಕಿ

ಮಕ್ಕಳೇ, ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ.

ಗುಬ್ಬಿ ಮತ್ತು ಕುಣಿಗಲ್ ನಡುವಿನ ಒಂದು ಹಳ್ಳಿ. ಅಲ್ಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಹಿತ್ತಲಲ್ಲಿ ಮಕ್ಕಳು ಸೇರಿ ಒಂದು ಪುಟ್ಟ ಪ್ಲಾಸ್ಟಿಕ್ ಮನೆ ಕಟ್ಟಿದ್ದಾರೆ. ಬಿದಿರಿನ ದಬ್ಬೆಗಳನ್ನು ಕಮಾನಿನಂತೆ ಬಗ್ಗಿಸಿ, ಮೇಲೆ ಪಾಲಿಥೀನ್ ಹಾಳೆ ಹೊದಿಸಿದ್ದಾರೆ. ಒಳಗೆ ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ ಸಸಿಗಳು. ಇನ್ನೆರಡು ವಾರ ಕಳೆದರೆ ಅವನ್ನು ಕೈತೋಟಕ್ಕೆ ನಾಟಿ ಮಾಡಬೇಕು. ಮುಂದೆ ಬಿಸಿಯೂಟದ ಸಾರಿಗೆ ಬೀಳುವ ಟೊಮೆಟೊ ಇದೇ ಸಸಿಗಳಿಂದ ಬರಬೇಕು.

ಮಾರ್ಚ್ ತಿಂಗಳ ಒಂದು ಶನಿವಾರ. ಬೆಳಗಿನ ಶಾಲೆ ಮುಗಿಯಿತು. ಭಾನುವಾರ ನೀರು ಹಾಕಲು ಯಾರೂ ಇರುವುದಿಲ್ಲವೆಂದು ಮಕ್ಕಳು ಎರಡು ಪಾಲು ನೀರು ಹಾಕಿದರು. ದನ, ಮೇಕೆ, ಕೋಳಿ ನುಗ್ಗದಿರಲಿ ಎಂದು ಎರಡೂ ಕಡೆಯ ಬಾಗಿಲುಗಳನ್ನು ಭದ್ರವಾಗಿ ಕಟ್ಟಿ ಮನೆಗೆ ಹೋದರು.

ಸೋಮವಾರ ಬಂದು ನೋಡಿದರೆ ಹೆಚ್ಚಿನ ಸಸಿಗಳು ಸತ್ತಿದ್ದವು. ಕೆಲವು ಕುದಿಸಿದ ಸೊಪ್ಪಿನಂತೆ ಬಾಡಿ ಮಲಗಿದ್ದವು. ಕೆಲವುಗಳ ಬುಡ ಕಂದಾಗಿ, ದಾರದಂತೆ ಸಣ್ಣಗಾಗಿ, ಮುರಿದು ಬಿದ್ದಿದ್ದವು.

“ಮಿಸ್, ನೀರು ಹಾಕಿದ್ವಲ್ಲ, ಆದ್ರೂ ಯಾಕೆ ಸತ್ತೋದ್ವು?” ಎಂದು ಒಬ್ಬಳು ಅಳುಮುಖ ಮಾಡಿ ಕೇಳಿದಳು.

ಶಿಕ್ಷಕಿ ಉತ್ತರ ಹೇಳಲಿಲ್ಲ. “ಎಲ್ಲವೂ ಸತ್ತಿವೆಯಾ? ಸರಿಯಾಗಿ ನೋಡ್ರಪ್ಪ” ಎಂದರು.

ಮಕ್ಕಳು ಬಗ್ಗಿ ನೋಡಿದರು. ಒಂದು ಮೂಲೆಯ ಸಸಿಗಳು ಮಾತ್ರ ಹಸಿರಾಗಿ ನಿಂತಿದ್ದವು. ಆ ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆ ಕೆಳಗೊಂದು ಕಡೆ, ಮೇಲೊಂದು ಕಡೆ ಹರಿದಿತ್ತು!

ಹರಿದ ಹಾಳೆ ಸಸಿಗಳನ್ನು ಉಳಿಸಿದ್ದು ಹೇಗೆ? ಬನ್ನಿ, ಕಂಡುಹಿಡಿಯೋಣ.

ಪಾಲಿಮನೆ ಎಂದರೇನು?

ಬೆಳಕು ಒಳಗೆ ಬರುವಂತೆ, ಆದರೆ ಜೋರು ಮಳೆ, ಗಾಳಿ, ಕೀಟಗಳು ಬಾರದಂತೆ ಪಾರದರ್ಶಕ ಹೊದಿಕೆ ಹಾಕಿದ ಮನೆಯೇ ಹಸಿರುಮನೆ. ಹಿಂದೆ ಇದಕ್ಕೆ ಗಾಜನ್ನು ಬಳಸುತ್ತಿದ್ದರು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿರುವ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಲಾಯಿತು. ತುಮಕೂರು ನಗರದ ಅಮಾನಿಕೆರೆಯ ಬಳಿಯೂ ಒಂದು ಗಾಜಿನ ಮನೆ ಇದೆ. ಗಾಜು ದುಬಾರಿ, ಭಾರ, ಒಡೆಯುವ ವಸ್ತು. ಆದ್ದರಿಂದ ರೈತರು ಅದರ ಬದಲು ಪಾಲಿಥೀನ್ ಹಾಳೆ ಹೊದಿಸುತ್ತಾರೆ. ಇದೇ ಪಾಲಿಮನೆ ಅಥವಾ ಪಾಲಿಹೌಸ್. ಚಿಕ್ಕದಾಗಿ, ಉದ್ದಕ್ಕೆ ಕಮಾನಿನಂತೆ ಕಟ್ಟಿದರೆ ಅದು ಪಾಲಿ ಸುರಂಗ.

ತುಮಕೂರು–ಬೆಂಗಳೂರು ಹೆದ್ದಾರಿಯ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ತೋಟದ ಕೆಂಪು ತೊಳೆಯ ‘ಸಿದ್ದು’ ಹಲಸಿನ ಹೆಸರು ಕೇಳಿರಬಹುದು. ಅದರ ಕಸಿ ಗಿಡಗಳನ್ನು ಬೆಳೆಸಿ ಹಂಚಲು 2017ರಲ್ಲಿ ಈ ಸಂಸ್ಥೆ ಆ ರೈತರೊಡನೆ ಒಪ್ಪಂದ ಮಾಡಿಕೊಂಡಿತು.

ಕಸಿ ಕಟ್ಟಿದ ಕುಡಿಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಚೀಲದ ಟೋಪಿ ಹಾಕುತ್ತಾರೆ. ಆ ಕುಡಿಗೆ ಸ್ವಂತ ಬೇರಿಲ್ಲ. ಅದು ಒಣಗದಿರಲು ತೇವದ ಗಾಳಿ ಬೇಕು. ಆದರೆ ಕುಡಿ ಚಿಗುರಿದ ಮೇಲೆ ಟೋಪಿಯನ್ನು ತೆಗೆಯಲೇಬೇಕು. ಇಲ್ಲವಾದರೆ ಚಿಗುರು ಬೆಂದು ಕೊಳೆಯುತ್ತದೆ. ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎಂಬುದನ್ನು ತಿಳಿಯುವುದೇ ಪಾಲಿಮನೆಯ ವಿದ್ಯೆ.

ಒಳಗೆ ಅಷ್ಟು ಬಿಸಿ ಏಕೆ?

ಬೇಸಿಗೆಯ ಮಧ್ಯಾಹ್ನ ಗುಬ್ಬಿ ಬಸ್ ನಿಲ್ದಾಣದಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಬಸ್ಸನ್ನು ಹತ್ತಿದ್ದೀರಾ? ಒಳಗೆ ಕಾಲಿಟ್ಟ ಕೂಡಲೇ ಮುಖಕ್ಕೆ ಬಿಸಿ ಹೊಡೆಯುತ್ತದೆ. ಬಸ್ಸು ಹೊರಟು ಕಿಟಕಿಗಳಿಂದ ಗಾಳಿ ಬೀಸಿದಾಗ ಹಾಯೆನಿಸುತ್ತದೆ. ಪಾಲಿಮನೆಯಲ್ಲಿ ನಡೆಯುವುದೂ ಇದೇ.

ಬಿಸಿಲು ಪ್ಲಾಸ್ಟಿಕ್ ಹಾಳೆಯನ್ನು ದಾಟಿ ಒಳಗೆ ಬರುತ್ತದೆ. ನೆಲ, ಟ್ರೇ, ಎಲೆಗಳು ಅದನ್ನು ಹೀರಿ ಬಿಸಿಯಾಗುತ್ತವೆ. ಅವುಗಳನ್ನು ತಾಗಿದ ಗಾಳಿ ಬಿಸಿಯಾಗುತ್ತದೆ. ಬಯಲಿನಲ್ಲಾದರೆ ಬಿಸಿ ಗಾಳಿ ಮೇಲೇರಿ ಹೋಗಿ, ಅದರ ಜಾಗಕ್ಕೆ ತಂಪು ಗಾಳಿ ಬರುತ್ತಿತ್ತು. ಪಾಲಿಮನೆಯಲ್ಲಿ ಅದಕ್ಕೆ ದಾರಿಯಿಲ್ಲ. ಅದೇ ಗಾಳಿ ಮತ್ತೆ ಮತ್ತೆ ಕಾಯುತ್ತದೆ. ಹೊರಗೆ 33 ಡಿಗ್ರಿ ಸೆಲ್ಸಿಯಸ್ ಇದ್ದಾಗ ಮುಚ್ಚಿದ ಪಾಲಿಮನೆಯೊಳಗೆ 45 ಡಿಗ್ರಿ ದಾಟಬಹುದು.

ಇದನ್ನು ಪರೀಕ್ಷಿಸಲು ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ 1909ರಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಗಾಜಿನ ಮನೆಯ ಬಿಸಿಗೆ ಆಗ ಎಲ್ಲರೂ ಒಂದೇ ಕಾರಣ ಹೇಳುತ್ತಿದ್ದರು: ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ನೆಲ ಹೊರಸೂಸುವ ಶಾಖ ಕಿರಣಗಳನ್ನು ಹೊರಗೆ ಬಿಡುವುದಿಲ್ಲ. ವುಡ್ ಎರಡು ಕಪ್ಪು ಪೆಟ್ಟಿಗೆಗಳನ್ನು ತೆಗೆದುಕೊಂಡರು. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಕಲ್ಲುಪ್ಪಿನ ಹರಳಿನ ಮುಚ್ಚಳ. ಕಲ್ಲುಪ್ಪಿನ ಹರಳು ಶಾಖ ಕಿರಣಗಳನ್ನು ಸಲೀಸಾಗಿ ಹೊರಗೆ ಬಿಡುತ್ತದೆ. ಹಾಗಾದರೆ ಆ ಪೆಟ್ಟಿಗೆ ತಂಪಾಗಿರಬೇಕಿತ್ತು, ಅಲ್ಲವೇ? ಆದರೆ ಗಾಜಿನ ಮೂಲಕ ಹಾಯಿಸಿದ ಬಿಸಿಲಿನಲ್ಲಿ ಎರಡೂ ಪೆಟ್ಟಿಗೆಗಳು ಸುಮಾರು 55 ಡಿಗ್ರಿಯವರೆಗೆ ಬಿಸಿಯಾದವು. ವ್ಯತ್ಯಾಸ ಸುಮಾರು ಒಂದೇ ಡಿಗ್ರಿ!

ಅಂದರೆ ಪೆಟ್ಟಿಗೆ ಬಿಸಿಯಾಗಲು ಮುಖ್ಯ ಕಾರಣ ಒಳಗೆ ಸಿಕ್ಕಿಬಿದ್ದ ಗಾಳಿ. ಪಾಲಿಥೀನ್ ಹಾಳೆಯೂ ಶಾಖ ಕಿರಣಗಳನ್ನು ಬಹುಮಟ್ಟಿಗೆ ಹೊರಗೆ ಬಿಡುತ್ತದೆ. ಆದರೂ ಪಾಲಿಮನೆ ಕಾಯುತ್ತದೆ. ಇದರಿಂದ ನಮಗೊಂದು ಒಳ್ಳೆಯ ಸುದ್ದಿಯೂ ಸಿಕ್ಕಿತು. ಗಾಳಿಗೆ ದಾರಿ ಕೊಟ್ಟರೆ ಬಿಸಿ ಇಳಿಯುತ್ತದೆ!

(ಭೂಮಿಯ ವಾತಾವರಣದ ‘ಹಸಿರುಮನೆ ಪರಿಣಾಮ’ ನಡೆಯುವ ರೀತಿ ಬೇರೆ. ಅಲ್ಲಿ ನೀರಾವಿ, ಇಂಗಾಲದ ಡೈಆಕ್ಸೈಡ್ ಮುಂತಾದ ಅನಿಲಗಳು ಶಾಖ ಕಿರಣಗಳನ್ನು ಹೀರುತ್ತವೆ. ಇದನ್ನು ಜಾನ್ ಟಿಂಡಾಲ್ ಎಂಬ ವಿಜ್ಞಾನಿ 1859ರಲ್ಲಿ ಅಳೆದು ತೋರಿಸಿದರು. ಹೆಸರು ಒಂದೇ, ಕೆಲಸ ಬೇರೆ.)

ಮಾಡಿ ನೋಡಿ

ಬೇಕಾಗುವ ಸಾಮಗ್ರಿಗಳು: ಒಂದೇ ಅಳತೆಯ 3 ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಗಳು, 3 ಪ್ರಯೋಗಾಲಯದ ತಾಪಮಾಪಕಗಳು, ಕಪ್ಪು ಬಟ್ಟೆಯ ತುಂಡುಗಳು, ಬಿಳಿ ಕಾಗದ, ಕಲಸಿದ ರಾಗಿ ಹಿಟ್ಟು.

ವಿಧಾನ:
1. ಬಾಟಲಿಗಳಿಗೆ ಅ, ಆ, ಇ ಎಂದು ಹೆಸರಿಡಿ. ಮೂರರ ತಳಕ್ಕೂ ಒಂದೇ ಅಳತೆಯ ಕಪ್ಪು ಬಟ್ಟೆ ಹಾಕಿ.
2. ‘ಅ’ ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕಿ. ಎಲ್ಲೂ ತೂತು ಬೇಡ.
3. ‘ಆ’ ಬಾಟಲಿಗೆ ತಳದ ಹತ್ತಿರ ಸುತ್ತಲೂ ಬೆರಳು ತೂರುವಷ್ಟು ದೊಡ್ಡ 4 ತೂತುಗಳನ್ನು ಶಿಕ್ಷಕರಿಂದ ಮಾಡಿಸಿ. ಮುಚ್ಚಳ ಹಾಕಿ.
4. ‘ಇ’ ಬಾಟಲಿಗೂ ಅದೇ ರೀತಿ 4 ತೂತುಗಳಿರಲಿ. ಆದರೆ ಮುಚ್ಚಳ ತೆಗೆದುಬಿಡಿ.
5. ಪ್ರತಿ ಬಾಟಲಿಯ ಭುಜದಲ್ಲಿ ಚಿಕ್ಕ ತೂತು ಮಾಡಿ ತಾಪಮಾಪಕ ತೂರಿಸಿ. ಸುತ್ತ ರಾಗಿ ಹಿಟ್ಟು ಮೆತ್ತಿ. ತಾಪಮಾಪಕದ ಬುಡ್ಡಿಗೆ ನೇರ ಬಿಸಿಲು ಬೀಳದಂತೆ ಬಿಳಿ ಕಾಗದದ ಮರೆ ಕಟ್ಟಿ.
6. ಮೂರನ್ನೂ ಅಕ್ಕಪಕ್ಕ ಬಿಸಿಲಿನಲ್ಲಿಡಿ. 5 ನಿಮಿಷಕ್ಕೊಮ್ಮೆ, ಅರ್ಧ ಗಂಟೆಯವರೆಗೆ ತಾಪವನ್ನು ಬರೆದುಕೊಳ್ಳಿ.

ಎಚ್ಚರಿಕೆ: ಜ್ವರ ನೋಡುವ ತಾಪಮಾಪಕವನ್ನು ಬಳಸಬೇಡಿ. ಅದು ಸುಮಾರು 42 ಡಿಗ್ರಿಯವರೆಗೆ ಮಾತ್ರ ಅಳೆಯುತ್ತದೆ. ಹೆಚ್ಚು ಬಿಸಿಯಾದರೆ ಒಡೆಯಬಹುದು.

ಏನನ್ನು ಗಮನಿಸಿದಿರಿ? ಯಾವ ಬಾಟಲಿ ಎಲ್ಲಕ್ಕಿಂತ ಬಿಸಿ? ಯಾವುದು ಎಲ್ಲಕ್ಕಿಂತ ತಂಪು? ಕೆಳಗೆ ಮಾತ್ರ ತೂತಿರುವ ಬಾಟಲಿಗೂ, ಕೆಳಗೂ ಮೇಲೂ ದಾರಿಯಿರುವ ಬಾಟಲಿಗೂ ಏನು ವ್ಯತ್ಯಾಸ? ಹರಿದ ಹಾಳೆಯ ಮೂಲೆಯನ್ನು ಈಗ ನೆನಪಿಸಿಕೊಳ್ಳಿ.

ಬಿಸಿ ಗಾಳಿ ಮೇಲಕ್ಕೆ, ತಂಪು ಗಾಳಿ ಕೆಳಕ್ಕೆ

ಗಾಳಿಗೂ ತೂಕವಿದೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವ ತುಮಕೂರಿನಲ್ಲಿ 1 ಘನ ಮೀಟರ್ ಗಾಳಿ ಸುಮಾರು 1 ಕಿಲೋಗ್ರಾಂ ತೂಗುತ್ತದೆ. ಅದೇ ಗಾಳಿ 27 ಡಿಗ್ರಿಯಿಂದ 45 ಡಿಗ್ರಿಗೆ ಕಾದರೆ ಹಿಗ್ಗುತ್ತದೆ. ಆಗ 1 ಘನ ಮೀಟರ್ ಗಾಳಿಯ ತೂಕ ಸುಮಾರು 60 ಗ್ರಾಂ ಕಡಿಮೆಯಾಗುತ್ತದೆ. ಹಗುರವಾದ ಗಾಳಿ ಮೇಲೇರುತ್ತದೆ. ಮೇಲೆ ಕಿಂಡಿಯಿದ್ದರೆ ಹೊರಗೆ ಹೋಗುತ್ತದೆ. ಕೆಳಗೆ ಕಿಂಡಿಯಿದ್ದರೆ ಅಲ್ಲಿಂದ ತಂಪು ಗಾಳಿ ಒಳಗೆ ಬರುತ್ತದೆ. ಎರಡರಲ್ಲಿ ಒಂದಿಲ್ಲದಿದ್ದರೂ ಈ ಓಟ ಕುಂಟುತ್ತದೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಹಳೆಯ ಹೆಂಚಿನ ಮನೆಗಳ ಅಡುಗೆಕೋಣೆಯ ಮೇಲೆ ಗವಾಕ್ಷಿ ಇರುತ್ತಿತ್ತು. ಅದು ಬೆಳಕು ಕೊಡುತ್ತಿತ್ತು. ಒಲೆಯ ಹೊಗೆ, ಬಿಸಿ ಗಾಳಿ ಅದರಿಂದಲೇ ಹೊರಗೆ ಹೋಗುತ್ತಿತ್ತು. ರೇಷ್ಮೆ ಹುಳು ಸಾಕುವ ಮನೆಗಳಲ್ಲಿಯೂ ಕೆಳಗೆ, ಮೇಲೆ ಗಾಳಿಕಿಂಡಿಗಳನ್ನು ಬಿಡುತ್ತಾರೆ. ನಿಮ್ಮೂರಿನಲ್ಲಿ ಹುಳು ಸಾಕುವವರಿದ್ದರೆ ಹೋಗಿ ನೋಡಿ.

ನೀರು ಹೆಚ್ಚಾದರೂ ಕಷ್ಟ

ಮಕ್ಕಳು ಶನಿವಾರ ಎರಡು ಪಾಲು ನೀರು ಹಾಕಿದ್ದರು. ಆ ನೀರು ಎಲ್ಲಿಗೆ ಹೋಯಿತು?

ಸಸಿಗಳು ಬೇರಿನಿಂದ ನೀರು ಹೀರಿ ಎಲೆಗಳ ಸಣ್ಣ ರಂಧ್ರಗಳ ಮೂಲಕ ಆವಿಯಾಗಿ ಬಿಡುತ್ತವೆ. ಇದು ಬಾಷ್ಪವಿಸರ್ಜನೆ. ನಮಗೆ ಬೆವರು ಹೇಗೋ ಸಸಿಗೆ ಇದು ಹಾಗೆ, ಎಲೆಯನ್ನು ತಂಪಾಗಿಡುತ್ತದೆ. ಆದರೆ ಸುತ್ತಲಿನ ಗಾಳಿಯಲ್ಲಿ ನೀರಾವಿ ತುಂಬಿಬಿಟ್ಟರೆ? ಮಳೆಗಾಲದಲ್ಲಿ ಒಗೆದ ಬಟ್ಟೆ ಬೇಗ ಒಣಗುವುದಿಲ್ಲ, ಅಲ್ಲವೇ? ಹಾಗೆಯೇ ಎಲೆಯಿಂದ ನೀರು ಆವಿಯಾಗುವುದು ನಿಧಾನವಾಗುತ್ತದೆ. ಎಲೆ ತಂಪಾಗುವುದಿಲ್ಲ. ಬುಡದಿಂದ ಮೇಲಕ್ಕೆ ನೀರಿನ ಜೊತೆ ಏರಬೇಕಾದ ಕ್ಯಾಲ್ಸಿಯಂನಂಥ ಪೋಷಕಾಂಶಗಳೂ ಸರಿಯಾಗಿ ಏರುವುದಿಲ್ಲ. ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಕೊಳೆಯಲು ಇದೂ ಒಂದು ಕಾರಣ.

ರಾತ್ರಿ ಇನ್ನೊಂದು ತೊಂದರೆ. ಬಿಸಿ ಗಾಳಿ ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳುತ್ತದೆ, ತಣ್ಣನೆಯ ಗಾಳಿ ಕಡಿಮೆ ಹಿಡಿಯುತ್ತದೆ. 30 ಡಿಗ್ರಿಯಲ್ಲಿ 1 ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಹಿಡಿಯಬಲ್ಲದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ.

ನಮ್ಮ ಪಾಲಿಮನೆಯ ಉದ್ದ 4 ಮೀಟರ್, ಅಗಲ 2 ಮೀಟರ್, ಸರಾಸರಿ ಎತ್ತರ ಒಂದೂವರೆ ಮೀಟರ್ ಎಂದುಕೊಳ್ಳೋಣ. ಒಳಗಿನ ಗಾಳಿ:

4 × 2 × 1.5 = 12 ಘನ ಮೀಟರ್

ನೀರಾವಿ ತುಂಬಿದ ಈ ಗಾಳಿ ರಾತ್ರಿ 30ರಿಂದ 20 ಡಿಗ್ರಿಗೆ ಇಳಿದರೆ:

12 × (30 – 17) = 156 ಗ್ರಾಂ

ಒಂದು ಲೋಟದಷ್ಟು ನೀರು ಹನಿಯಾಗಿ ಹಾಳೆಯ ಒಳಮೈಗೆ, ಎಲೆಗಳಿಗೆ ಅಂಟುತ್ತದೆ. ಹಾಳೆಯಿಂದ ಹನಿಗಳು ಸಸಿಗಳ ಮೇಲೆ ತೊಟ್ಟಿಕ್ಕುತ್ತವೆ. ರೋಗ ತರುವ ಶಿಲೀಂಧ್ರಗಳಿಗೆ ಇದು ಹಬ್ಬದೂಟ! ಒದ್ದೆ ಎಲೆಯ ಮೇಲೆ ಅವುಗಳ ಬೀಜಾಣುಗಳು ಮೊಳೆಯುತ್ತವೆ. ಒದ್ದೆ ಮಣ್ಣಿನಲ್ಲಿ ಪಿಥಿಯಂ ಎಂಬ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿ ಸಸಿಯ ಬುಡವನ್ನು ಕೊಳೆಸುತ್ತದೆ. ಬುಡ ದಾರದಂತೆ ಸಣ್ಣಗಾಗಿ ಸಸಿ ಮುರಿದು ಬೀಳುತ್ತದೆ. ಇದನ್ನು ಸಸಿ ಸಾಯುವ ರೋಗ ಎನ್ನುತ್ತಾರೆ. ಸೋಮವಾರ ಮಕ್ಕಳು ಕಂಡದ್ದು ಇದನ್ನೇ.

ಗಾಳಿಯಲ್ಲಿದೆ ಊಟ

ಸಸಿಗಳು ಬೆಳಕು, ನೀರು ಮತ್ತು ಇಂಗಾಲದ ಡೈಆಕ್ಸೈಡ್ ಬಳಸಿ ಆಹಾರ ತಯಾರಿಸುತ್ತವೆ ಎಂದು ನೀವು ಓದಿದ್ದೀರಿ. ಇಂದಿನ ಗಾಳಿಯಲ್ಲಿ 10,000 ಲೀಟರಿಗೆ ಸುಮಾರು 4 ಲೀಟರಿನಷ್ಟು ಮಾತ್ರ ಇಂಗಾಲದ ಡೈಆಕ್ಸೈಡ್ ಇದೆ.

ನಮ್ಮ ಪಾಲಿಮನೆಯಲ್ಲಿ 12 ಘನ ಮೀಟರ್, ಅಂದರೆ 12,000 ಲೀಟರ್ ಗಾಳಿಯಿದೆ. ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಸುಮಾರು 5 ಲೀಟರ್. ತೂಕ ಸುಮಾರು 8–9 ಗ್ರಾಂ. ಅದನ್ನು ಪೂರ್ತಿ ಬಳಸಿದರೂ ತಯಾರಾಗುವ ಸಕ್ಕರೆ ಸುಮಾರು 6 ಗ್ರಾಂ. ಒಂದು ಚಹಾ ಚಮಚಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ! ಮಣ್ಣಿನಲ್ಲಿರುವ ಜೀವಿಗಳು ಉಸಿರಾಡಿ ಇನ್ನಷ್ಟು ಕೊಡುತ್ತವೆ ನಿಜ. ಆದರೂ ಗಿಡಗಳು ತುಂಬಿರುವ, ಎಲ್ಲ ಕಡೆ ಮುಚ್ಚಿರುವ ಪಾಲಿಮನೆಯಲ್ಲಿ ಬಿಸಿಲೇರುವ ಹೊತ್ತಿಗೆ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆಳಕಿದೆ, ನೀರಿದೆ, ಆದರೆ ಊಟಕ್ಕೆ ಬೇಕಾದ ಮೂರನೆಯ ಸಾಮಾನು ಇಲ್ಲ. ಕಿಟಕಿ ತೆರೆದರೆ ಹೊಸ ಗಾಳಿ ಅದನ್ನು ಹೊತ್ತು ತರುತ್ತದೆ.

ಗಿಡ ಹೂ ಬಿಡುವಾಗಲೂ ಗಾಳಿ ಬೇಕು. ಟೊಮೆಟೊ ಹೂವಿನಲ್ಲಿ ಗಂಡು, ಹೆಣ್ಣು ಭಾಗಗಳೆರಡೂ ಇರುತ್ತವೆ. ಹೂವು ಅಲುಗಿದರೆ ಪರಾಗ ಉದುರಿ ಪರಾಗಸ್ಪರ್ಶವಾಗುತ್ತದೆ. ಬಯಲಿನಲ್ಲಿ ಗಾಳಿ, ದುಂಬಿ ಈ ಕೆಲಸ ಮಾಡುತ್ತವೆ. ಮುಚ್ಚಿದ ಮನೆಯಲ್ಲಿ ಎರಡೂ ಇಲ್ಲ. ಅದರ ಮೇಲೆ ತಾಪ 35 ಡಿಗ್ರಿ ದಾಟಿದರೆ ಪರಾಗ ಕೆಟ್ಟು ಹೂವು ಉದುರುತ್ತದೆ. ಗಿಡ ಹಸಿರಾಗಿ ಎತ್ತರಕ್ಕೆ ಬೆಳೆದಿದ್ದರೂ ಕಾಯಿ ಕಚ್ಚುವುದಿಲ್ಲ.

ಎಷ್ಟು ದೊಡ್ಡ ಕಿಟಕಿ ಬೇಕು?

ತೆರೆಯುವ ಜಾಗವೆಲ್ಲ ಸೇರಿ ನೆಲದ ವಿಸ್ತೀರ್ಣದ ಐದನೇ ಒಂದು ಭಾಗವಾದರೂ ಇರಬೇಕು ಎಂಬುದು ಹಸಿರುಮನೆ ಕಟ್ಟುವವರು ಪಾಲಿಸುವ ಒಂದು ನಿಯಮ. ನಮ್ಮಂಥ ಬಿಸಿ ಪ್ರದೇಶದಲ್ಲಿ ಇನ್ನೂ ಹೆಚ್ಚಿದ್ದರೆ ಒಳ್ಳೆಯದು. ಲೆಕ್ಕ ಮಾಡೋಣ.

ನೆಲದ ವಿಸ್ತೀರ್ಣ: 4 × 2 = 8 ಚದರ ಮೀಟರ್
ಅದರ ಐದನೇ ಒಂದು ಭಾಗ: 8 ÷ 5 = 1.6 ಚದರ ಮೀಟರ್
ಎರಡು ತುದಿಗಳ ಬಾಗಿಲು, ಒಂದೊಂದೂ 0.6 ಮೀ. ಅಗಲ, 1.5 ಮೀ. ಎತ್ತರ: 0.6 × 1.5 × 2 = 1.8 ಚದರ ಮೀಟರ್

ಬಾಗಿಲುಗಳೇ ಸಾಕಲ್ಲ ಎನ್ನುತ್ತೀರಾ? ನಿಲ್ಲಿ. ತೆರೆದ ಬಾಗಿಲಿನಿಂದ ಕೀಟಗಳು ಬರುತ್ತವೆ. ಆದ್ದರಿಂದ ಕೀಟನಿರೋಧಕ ಬಲೆ ಕಟ್ಟುತ್ತಾರೆ. 40 ಮೆಶ್ ಬಲೆ ಎಂದರೆ ಒಂದು ಅಂಗುಲ ಉದ್ದದಲ್ಲಿ 40 ರಂಧ್ರಗಳು. ರಂಧ್ರಗಳ ನಡುವಿನ ದಾರವೂ ಜಾಗ ತಿನ್ನುತ್ತದೆ. ಗಾಳಿಗೆ ಸಿಗುವ ಜಾಗ ಸುಮಾರು ಅರ್ಧಕ್ಕಿಳಿಯುತ್ತದೆ. ಅಂದರೆ 1.8ರಲ್ಲಿ ಉಳಿದದ್ದು 0.9 ಚದರ ಮೀಟರ್ ಮಾತ್ರ. ಸಾಲದು!

ಈಗ ಎರಡೂ ಪಕ್ಕಗಳಲ್ಲಿ ನೆಲದಿಂದ ಅರ್ಧ ಮೀಟರ್ ಎತ್ತರದವರೆಗೆ ಹಾಳೆಯನ್ನು ಚಾಪೆಯಂತೆ ಮೇಲಕ್ಕೆ ಸುತ್ತುವ ಹಾಗೆ ಮಾಡೋಣ.

4 × 0.5 × 2 = 4 ಚದರ ಮೀಟರ್
ಬಲೆ ಕಟ್ಟಿದ ಮೇಲೆ: ಸುಮಾರು 2 ಚದರ ಮೀಟರ್
ಒಟ್ಟು: 0.9 + 2 = 2.9 ಚದರ ಮೀಟರ್

ಈಗ ಸಾಕು. ಇದರ ಜೊತೆಗೆ ಎರಡೂ ಬಾಗಿಲುಗಳ ಮೇಲೆ, ಕಮಾನಿನ ತುದಿಗೆ ಹತ್ತಿರ, ಒಂದೊಂದು ಕಿಂಡಿ ಬಿಟ್ಟರೆ ಬಿಸಿ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ಬಲೆಯ ಮೇಲೆ ಧೂಳು ಕೂತರೆ ರಂಧ್ರಗಳು ಮುಚ್ಚುತ್ತವೆ. ಆಗಾಗ ನೀರು ಚಿಮುಕಿಸಿ ತೊಳೆಯಬೇಕು.

ನಮ್ಮ ಊರಿನ ಗಾಳಿ, ನಮ್ಮ ಊರಿನ ಬಿಸಿಲು

ತುಮಕೂರು, ಗುಬ್ಬಿ, ಕುಣಿಗಲ್ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಹೆಚ್ಚಾಗಿ ಪಶ್ಚಿಮದ ಕಡೆಯಿಂದ ಬೀಸುತ್ತದೆ. ಚಳಿಗಾಲದಲ್ಲಿ ಹೆಚ್ಚಾಗಿ ಪೂರ್ವದ ಕಡೆಯಿಂದ. ಆದ್ದರಿಂದ ಪಾಲಿಮನೆಯ ಉದ್ದವನ್ನು ಉತ್ತರ–ದಕ್ಷಿಣವಾಗಿ ಇಟ್ಟರೆ ಅನುಕೂಲ. ಆಗ ಗಾಳಿ ಒಂದು ಪಕ್ಕದಿಂದ ಬಂದು ಇನ್ನೊಂದು ಪಕ್ಕದಿಂದ ಹೋಗುತ್ತದೆ. ದೊಡ್ಡ ಪಾಲಿಮನೆಗಳಿಗೆ ಮೇಲ್ಛಾವಣಿಯಲ್ಲಿ ಉದ್ದಕ್ಕೆ ಕಿಟಕಿ ಇರುತ್ತದೆ. ಅದು ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿರುತ್ತದೆ. ಹೊರಗಿನ ಗಾಳಿ ಮೇಲಿನಿಂದ ಹಾಯ್ದು ಹೋಗುವಾಗ ಒಳಗಿನ ಬಿಸಿ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ.

ಇನ್ನು ಬಿಸಿಲು. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24–25 ಹಾಗೂ ಆಗಸ್ಟ್ 17–18ರ ಆಸುಪಾಸಿನಲ್ಲಿ ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಇರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ! ಆಗಸ್ಟ್‌ನಲ್ಲಿ ಮೋಡ ಕಾಪಾಡುತ್ತದೆ. ಏಪ್ರಿಲ್‌ನಲ್ಲಿ ಕಾಪಾಡುವವರಿಲ್ಲ. ಆಗ ಕಿಟಕಿ ತೆರೆಯುವುದರ ಜೊತೆಗೆ ಹಾಳೆಯ ಮೇಲೆ ನೆರಳು ಬಲೆಯನ್ನೋ ತೆಂಗಿನ ಗರಿಯನ್ನೋ ಹಾಕಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಅಶ್ವಿನಿ, ಭರಣಿ ಮಳೆಗಳು ಗುಡುಗು, ಬಿರುಗಾಳಿಯೊಡನೆ ಬರುತ್ತವೆ. ಬಿರುಗಾಳಿಯ ದಿಕ್ಕಿಗೆ ಒಂದು ಬಾಗಿಲು ಮಾತ್ರ ತೆರೆದಿದ್ದರೆ ಗಾಳಿ ಒಳಗೆ ನುಗ್ಗಿ, ಹೊರಗೆ ಹೋಗಲಾರದೆ, ಪಾಲಿಮನೆಯನ್ನು ಬಲೂನಿನಂತೆ ಉಬ್ಬಿಸಿ ಕಿತ್ತೊಗೆಯಬಹುದು. ಮೋಡ ಕವಿದು ಗಾಳಿ ಎದ್ದ ಕೂಡಲೇ ಎಲ್ಲವನ್ನೂ ಮುಚ್ಚಿ ಹಗ್ಗ ಬಿಗಿಯಬೇಕು. ಮಳೆ ನಿಂತ ಕೂಡಲೇ ಮತ್ತೆ ತೆರೆಯಬೇಕು.

ಪಾಲಿಮನೆಯ ದಿನಚರಿ

ಬೆಳಿಗ್ಗೆ ಪ್ರಾರ್ಥನೆಗೆ ಮೊದಲು: ಪಕ್ಕದ ಹಾಳೆಗಳನ್ನು ಸುತ್ತಿ ಮೇಲೆ ಕಟ್ಟಿ. ನಂತರ ನೀರು ಹಾಕಿ. ಬೆಳಗಿನ ನೀರಾದರೆ ಎಲೆಗಳು ಹಗಲಿನಲ್ಲಿ ಒಣಗುತ್ತವೆ.
ಮಧ್ಯಾಹ್ನ ಊಟದ ಬಿಡುವಿನಲ್ಲಿ: ತಾಪ ನೋಡಿ ಬರೆಯಿರಿ. 35 ಡಿಗ್ರಿ ಸಮೀಪಿಸಿದರೆ ನೆರಳು ಹಾಕಿ. ನೀವೂ ಒಳಗೆ ಹೆಚ್ಚು ಹೊತ್ತು ನಿಲ್ಲಬೇಡಿ.
ಹೂ ಬಿಟ್ಟ ಗಿಡಗಳಿದ್ದರೆ: ಬೆಳಿಗ್ಗೆ 10–11 ಗಂಟೆಗೆ ಆಧಾರದ ಕಡ್ಡಿಯನ್ನು ಮೆಲ್ಲಗೆ ತಟ್ಟಿ.
ಸಂಜೆ: ನೀರು ಬೇಡ. ತೇವದ ಗಾಳಿ ಹೊರಗೆ ಹೋಗುವವರೆಗೆ ತೆರೆದಿಡಿ. ಬೇಸಿಗೆಯಲ್ಲಿ ಬಲೆ ಇದ್ದರೆ ರಾತ್ರಿಯೂ ತೆರೆದಿರಲಿ.
ಡಿಸೆಂಬರ್, ಜನವರಿಯ ಚಳಿ ರಾತ್ರಿಗಳಲ್ಲಿ: ಸಂಜೆ ಪಕ್ಕದ ಹಾಳೆ ಇಳಿಸಿ. ಮೇಲಿನ ಕಿಂಡಿ ತೆರೆದೇ ಇರಲಿ.
ಶನಿವಾರ, ರಜೆಯ ಹಿಂದಿನ ದಿನ: ಬಲೆಯ ಬಾಗಿಲು ಮುಚ್ಚಿ, ಪ್ಲಾಸ್ಟಿಕ್ ಬಾಗಿಲು ಮುಚ್ಚಬೇಡಿ. ಎಂದಿನಷ್ಟೇ ನೀರು ಹಾಕಿ. ಭಾನುವಾರ ಬೆಳಿಗ್ಗೆ ಒಮ್ಮೆ ಬಂದು ನೋಡಲು ಇಬ್ಬರನ್ನು ನೇಮಿಸಿ.

ನಿಮಗಿದು ಗೊತ್ತೇ?

ನಮ್ಮ ಭಾಗದಲ್ಲಿ ಹಿಂದೆ ರಾಗಿಯನ್ನು ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಬಾಯಿ ಮುಚ್ಚಿದ ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಕಾಳುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಒಳಗಿನ ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡ್ ತುಂಬುತ್ತಿದ್ದವು. ಅದರಿಂದ ಹುಳುಗಳು ಬದುಕುತ್ತಿರಲಿಲ್ಲ. ಅದೇ ಕಾರಣಕ್ಕೆ ಮನುಷ್ಯರಿಗೂ ಅದು ಅಪಾಯ. ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟ ಮೇಲೆಯೇ ದೊಡ್ಡವರು ಇಳಿಯುತ್ತಿದ್ದರು. ಹಳೆಯ ಹಗೇವು, ಮುಚ್ಚಿದ ಬಾವಿ, ಗುಂಡಿಗಳು ಕಂಡರೆ ನೀವು ಎಂದೂ ಇಳಿಯಬೇಡಿ. ಯಾರಾದರೂ ಒಳಗೆ ಬಿದ್ದರೂ ಇಳಿಯದೆ ದೊಡ್ಡವರನ್ನು ಕೂಗಿ ಕರೆಯಿರಿ.

ಮತ್ತೆ ಸೋಮವಾರಕ್ಕೆ

ಈಗ ಆ ಹುಡುಗಿಯ ಪ್ರಶ್ನೆಗೆ ನೀವೇ ಉತ್ತರಿಸಬಲ್ಲಿರಿ. ಮಕ್ಕಳು ಸಸಿಗಳ ಮೇಲಿನ ಪ್ರೀತಿಯಿಂದಲೇ ಹೆಚ್ಚು ನೀರು ಹಾಕಿದರು, ಪ್ರೀತಿಯಿಂದಲೇ ಬಾಗಿಲು ಕಟ್ಟಿದರು. ಹಗಲಿನ ಬಿಸಿ ಕೆಲವನ್ನು ಬೇಯಿಸಿತು. ರಾತ್ರಿಯ ಹನಿ ಕೆಲವನ್ನು ಕೊಳೆಸಿತು. ಹರಿದ ಮೂಲೆಯಲ್ಲಿ ಮಾತ್ರ ಕೆಳಗಿನಿಂದ ತಂಪು ಗಾಳಿ ಬಂತು, ಮೇಲಿನಿಂದ ಬಿಸಿ ಗಾಳಿ ಹೋಯಿತು.

ಉಳಿದ ಸಸಿಗಳನ್ನು ಎಣಿಸಿದರೆ ಹನ್ನೊಂದು. “ಹನ್ನೊಂದು ಗಿಡ ಸಾಕಾ ಮಿಸ್, ಸಾರಿಗೆ?” ಎಂದು ಮಕ್ಕಳು ಕೇಳಿದರು. “ಸಾಲದು. ಆದರೆ ಇನ್ನೊಂದು ಸಲ ಬೀಜ ಹಾಕಲು ಸಮಯವಿದೆ” ಎಂದರು ಶಿಕ್ಷಕಿ. ಅಂದು ಸಂಜೆ ಮಕ್ಕಳು ಹರಿದ ಹಾಳೆಗೆ ತೇಪೆ ಹಾಕಲಿಲ್ಲ. ಇನ್ನೊಂದು ಪಕ್ಕದ ಹಾಳೆಯನ್ನೂ ಅಳತೆ ಮಾಡಿ ಕತ್ತರಿಸಿ, ಬಲೆ ಕಟ್ಟಿದರು.

ಯೋಚಿಸಿ, ಉತ್ತರಿಸಿ

1. ಕೆಳಗೆ ಮಾತ್ರ ಕಿಂಡಿಯಿರುವ ಪಾಲಿಮನೆ ಏಕೆ ಸರಿಯಾಗಿ ತಂಪಾಗುವುದಿಲ್ಲ?
2. 6 ಮೀಟರ್ ಉದ್ದ, 3 ಮೀಟರ್ ಅಗಲದ ಪಾಲಿಮನೆಗೆ ಕನಿಷ್ಠ ಎಷ್ಟು ಚದರ ಮೀಟರ್ ತೆರೆದ ಜಾಗ ಬೇಕು? ಬಲೆ ಕಟ್ಟಿದರೆ ಎಷ್ಟು?
3. ಬೆಳಿಗ್ಗೆ ಪಾಲಿಮನೆಯ ಹಾಳೆಯ ಒಳಮೈಯಲ್ಲಿ ನೀರಿನ ಹನಿಗಳಿದ್ದರೆ ಅದು ನಿಮಗೆ ಏನು ಹೇಳುತ್ತದೆ?
4. ನಿಮ್ಮ ತರಗತಿಯ ಕೋಣೆಯ ಕಿಟಕಿ, ಬಾಗಿಲುಗಳನ್ನು ಅಳೆಯಿರಿ. ಅವು ನೆಲದ ವಿಸ್ತೀರ್ಣದ ಐದನೇ ಒಂದು ಭಾಗಕ್ಕಿಂತ ಹೆಚ್ಚಿವೆಯೇ, ಕಡಿಮೆಯೇ? ಬೇಸಿಗೆಯ ಮಧ್ಯಾಹ್ನ ಕೋಣೆಯ ತಾಪ ಎಷ್ಟಿರುತ್ತದೆ? ಒಂದು ವಾರ ಬರೆದಿಟ್ಟು ನಿಮ್ಮ ಶಿಕ್ಷಕರಿಗೆ ತೋರಿಸಿ.